ಮಣೆಯ ಮೇಲೆ ಕಾಲು ಇಡಿಸಿದ ಅಕ್ಕೋರು

ಕಳೆದ ತಿಂಗಳು ನಮ್ಮ ಅಂಗಡಿಯಲ್ಲಿ ಅಕ್ಕೋರಿಗೆ ಶಾಲು ಹೊದಿಸಿ, ಹಾರ ಹಾಕಿ, ರಾಮದುರ್ಗದ ಬಸ್ಸು ಹತ್ತಿಸಿ ಬಂದೆವು. ಅವರ ಬಗ್ಗೆ ನಾಲ್ಕು ಮಾತಾಡು ಎಂದು ನನ್ನನ್ನು ಎಬ್ಬಿಸಿ ನಿಲ್ಲಿಸಿದ್ದರು. "ನಮ್ಮ ಅಕ್ಕೋರು..." ಎಂದು ನಾನು ಶುರು ಮಾಡುತ್ತಿದ್ದಂತೆ, ಶಾಲು ಹೊದ್ದು ಕೂತವರು ಅಲ್ಲಿಂದಲೇ, "ಭುಜಾ ಇಳಸು. ಕಿವೀತನಾ ಏರ್‍ಯಾವ ನೋಡು," ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕು ಭುಜ ಇಳಿಸಿದೆ, ಆ ನಗುವಿನಲ್ಲಿ ಹೇಳಬೇಕಾದದ್ದು ಮರೆತು ಕೂತುಬಿಟ್ಟೆ. ಅವತ್ತು ಆಡದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ, ಭುಜ ಇಳಿಸಿಕೊಂಡೇ.

ಬೈಲಹೊಂಗಲದ ಪೇಟೆಯಲ್ಲಿ ನಮ್ಮದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬ್ಯಾನರು, ಶಾಲೆಗಳ ಪ್ರಶ್ನೆಪತ್ರಿಕೆ, ಬಾಡಿಗೆ ಕರಾರು, ಎಲ್ಲವನ್ನೂ ಟೈಪ್ ಮಾಡಿ ಕೊಡುತ್ತೇವೆ. ನಾನು ಸೇರುವ ಹೊತ್ತಿಗೆ ಅಕ್ಕೋರು ಅಲ್ಲಿನ ಹಿರಿಯ ಟೈಪಿಸ್ಟ್ ಆಗಿದ್ದರು. ಅದಕ್ಕೂ ಮೊದಲು ಇದೇ ಊರಿನಲ್ಲಿ ಅವರದೊಂದು ಟೈಪಿಂಗ್ ಕ್ಲಾಸು ಇತ್ತು. ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಅನ್ನುತ್ತಾರೆ, ಹಾಗಾಗಿ ಕ್ಲಾಸು ಮುಚ್ಚಿದ ಮೇಲೂ ಹೆಸರು ಹಾಗೇ ಉಳಿಯಿತು. ಕಡ್ಡಿಯಂಥ ಮೈ, ಇಸ್ತ್ರಿ ಮಾಡಿದ ಕಾಟನ್ ಸೀರೆ, ತುರುಬಿನಲ್ಲಿ ಸದಾ ಸಿಕ್ಕಿಸಿದ ಒಂದು ಬಾಲ್‌ಪೆನ್ನು. ಆ ಪೆನ್ನನ್ನು ಇಡೀ ಅಂಗಡಿ ಹುಡುಕಿಸಿ, ಕೊನೆಗೆ ತಲೆ ಮುಟ್ಟಿ ನೋಡಿಕೊಂಡು, "ಯಾರ ಇಟ್ಟ್ರಿಲ್ಲೆ?" ಎಂದು ನಮ್ಮನ್ನೇ ಗದರುತ್ತಿದ್ದರು.

ಅವರ ತವರು ಹೂಲಿ. ತಂದೆ ಪುರಾಣ ಹೇಳುತ್ತಿದ್ದವರು. ಆ ಮನೆಯಿಂದ ಅವರು ಅಂಗಡಿಗೆ ಎರಡು ವಸ್ತು ತಂದಿದ್ದರು. ಒಂದು, ಪುರಾಣದ ಪುಸ್ತಕ ಇಟ್ಟು ಓದುವ ಮರದ ವ್ಯಾಸಪೀಠ. ಇನ್ನೊಂದು, ಹಿಡಿಕೆ ಸಡಿಲಾಗಿ ದೇವರ ಮನೆಯಿಂದ ನಿವೃತ್ತಿ ಹೊಂದಿದ ಒಂದು ಕೈಗಂಟೆ. ಎರಡನ್ನೂ ಅವರು ನಮ್ಮ ಕಂಪ್ಯೂಟರಿನ ಸೇವೆಗೆ ಹಚ್ಚಿದರು.

ಟೈಪ್ ಮಾಡಬೇಕಾದ ಹಾಳೆಯನ್ನು ನಾವೆಲ್ಲ ಮೇಜಿನ ಎಡಕ್ಕೆ ಅಂಗಾತ ಇಟ್ಟುಕೊಂಡು, ಕೆಳಗೊಮ್ಮೆ ಮೇಲೊಮ್ಮೆ ಕುತ್ತಿಗೆ ತಿರುಗಿಸುತ್ತ ಕೂತಿರುತ್ತಿದ್ದೆವು. ಅಕ್ಕೋರು ಹಾಳೆಯನ್ನು ವ್ಯಾಸಪೀಠದ ಮೇಲೆ ನಿಲ್ಲಿಸಿ ಪರದೆಯ ಪಕ್ಕಕ್ಕೇ ಇಡುತ್ತಿದ್ದರು. ನೋಟ ಮಾತ್ರ ಅತ್ತಿತ್ತ ಸರಿಯುತ್ತಿತ್ತು, ತಲೆ ಅಲುಗುತ್ತಿರಲಿಲ್ಲ. ಒಮ್ಮೆ ಗಿರಾಕಿಯೊಬ್ಬರು ಅದರ ಮೇಲೆ ಬೋರ್‌ವೆಲ್ ಜಾಹೀರಾತಿನ ಹಾಳೆ ಕಂಡು, "ಇದರ ಮ್ಯಾಲೆ ಭಾಗವತ ಇಡತಾರಲ್ರೀ," ಎಂದು ಮುಖ ಸಿಂಡರಿಸಿದರು. "ಇಡತಾರ. ಓದೂದು ಯಾವದರ ಇರ್ಲಿ, ಕುತ್ತಿಗಿ ಒಂದ ಅಲ್ಲೇನ್ರೀ?" ಎಂದು ಅಕ್ಕೋರು ಟೈಪ್ ಮುಂದುವರಿಸಿದರು.

ಗಂಟೆಯ ಕತೆ ಬೇರೆ. ಹಳೆಯ ಟೈಪ್‌ರೈಟರಿನಲ್ಲಿ ಪ್ರತಿ ಸಾಲು ಮುಗಿಯುವಾಗ ಒಂದು ಸಣ್ಣ ಗಂಟೆ ಬಡಿಯುತ್ತಿತ್ತು. ಆಗ ಕೈ ಎತ್ತಿ, ಹಿಡಿ ಎಳೆದು, ಮುಂದಿನ ಸಾಲಿಗೆ ಹೋಗಬೇಕು. ಹಾಳೆ ಮುಗಿದರೆ ಬದಲಿಸಬೇಕು. ಕೈಗೆ ತಾನಾಗಿಯೇ ವಿರಾಮ ಸಿಗುತ್ತಿತ್ತು. "ಈ ಕಂಪ್ಯೂಟರಿಗೆ ಸಾಲು ಮುಗದದ್ದ ಗೊತ್ತಾಗಂಗಿಲ್ಲ, ಅದಕ್ಕ ನಿಮಗೂ ದಿನಾ ಮುಗದದ್ದ ಗೊತ್ತಾಗಂಗಿಲ್ಲ," ಎಂದು ಅವರು ಆಗಾಗ ಕೈಗಂಟೆ ಬಾರಿಸುತ್ತಿದ್ದರು. ಗಂಟೆ ಬಡಿದರೆ ನಾವು ಎಲ್ಲವನ್ನೂ ಬಿಟ್ಟು ಎದ್ದು, ಬೆರಳು ಬಿಡಿಸಿ, ಕೈ ಜಾಡಿಸಿ, ಬಾಗಿಲತನಕ ಹೋಗಿ ರಸ್ತೆಯ ಆಚೆಗಿನ ಬೇವಿನ ಮರ ನೋಡಿ ಬರಬೇಕು. ಕಣ್ಣಿಗೂ ದೂರದ್ದು ಬೇಕು ಎಂದು ಅವರ ವಾದ.

ಮೊದಮೊದಲು ಗಿರಾಕಿಗಳಿಗೆ ಇದು ಅರ್ಥವಾಗುತ್ತಿರಲಿಲ್ಲ. ಗಂಟೆ ಬಡಿದೊಡನೆ ಒಳಗಿದ್ದವರೆಲ್ಲ ಎದ್ದು ನಿಲ್ಲುವುದನ್ನು ಕಂಡು, ಮಂಗಳಾರತಿ ಎಂದುಕೊಂಡು ಚಪ್ಪಲಿ ಕಳಚಿ ಕೈ ಮುಗಿದು ನಿಲ್ಲುತ್ತಿದ್ದರು. ಸವದತ್ತಿಯಿಂದ ಮಗಳ ಲಗ್ನಪತ್ರಿಕೆ ಮಾಡಿಸಲು ಬಂದ ಹಿರಿಯರೊಬ್ಬರು ಗಂಟೆ ನಿಂತ ಮೇಲೆ ಬಲಗೈ ಗುಳಿ ಮಾಡಿ ಅಕ್ಕೋರ ಮುಂದೆ ಚಾಚಿದರು. ಅಕ್ಕೋರು ಕ್ಷಣ ಯೋಚಿಸಿ, ತಮ್ಮ ನೀರಿನ ಬಾಟಲಿಯಿಂದ ಅದಕ್ಕೆ ಒಂದಿಷ್ಟು ನೀರು ಹಾಕಿದರು. ಆ ಹಿರಿಯರು ಕುಡಿದು, ಕೈಯನ್ನು ತಲೆಗೆ ಒರೆಸಿಕೊಂಡು, ಪತ್ರಿಕೆಯ ಪ್ರೂಫು ನೋಡಲು ಕೂತರು. ನಾವು ಅವತ್ತು ಬೇವಿನ ಮರವನ್ನು ಬಹಳ ಹೊತ್ತು ನೋಡಿದೆವು.

ನಮ್ಮ ಸಾವ್ಕಾರರು, ಅಂದರೆ ಅಂಗಡಿಯ ಮಾಲೀಕರು, ಒಳ್ಳೆಯವರು, ಆದರೆ ವಸ್ತುಗಳ ಮೇಲೆ ಜೀವ. ಎತ್ತರ ಇಳಿಸಿ ಏರಿಸಲು ಬರುವ ಹೊಸ ಕುರ್ಚಿಗಳನ್ನು ತರಿಸಿದ್ದರು. ತರಿಸಿ, ಬಂದ ಪ್ಲಾಸ್ಟಿಕ್ ಹೊದಿಕೆಯನ್ನು ಹಾಗೇ ಬಿಟ್ಟಿದ್ದರು. ಬೇಸಿಗೆಯಲ್ಲಿ ಅದರ ಮೇಲೆ ಕೂತರೆ ಜಾರಿ ಜಾರಿ ಮುಂದಕ್ಕೆ ಬಂದು ಬೆನ್ನು ಕುರ್ಚಿಗೆ ತಾಗುತ್ತಲೇ ಇರಲಿಲ್ಲ. "ತಗಿಯೂಣ್ರೀ," ಎಂದರೆ, "ಹೊಲಸ ಆಗ್ತಾವ," ಎನ್ನುತ್ತಿದ್ದರು. ಅಕ್ಕೋರು ಜಗಳಕ್ಕೆ ಹೋಗಲಿಲ್ಲ. ಒಂದು ಶುಕ್ರವಾರ ಕುರ್ಚಿಗಳಿಗೆ ಕುಂಕುಮ ಹಚ್ಚಿ, ತಟ್ಟೆಯಲ್ಲಿ ಕತ್ತರಿ ಇಟ್ಟು ಸಾವ್ಕಾರರ ಮುಂದೆ ಹಿಡಿದರು. "ನಿಮ್ಮ ಅಮೃತಹಸ್ತದಿಂದ ಉದ್ಘಾಟನಾ ಆಗ್ಲಿ." ಉದ್ಘಾಟನೆ ಎಂದರೆ ನಮ್ಮ ಸಾವ್ಕಾರರು ಒಲ್ಲೆ ಅನ್ನುವವರಲ್ಲ. ತಾವೇ ಪ್ಲಾಸ್ಟಿಕ್ ಕತ್ತರಿಸಿದರು, ನಾವು ಚಪ್ಪಾಳೆ ತಟ್ಟಿದೆವು, ಅಂದಿನಿಂದ ನಮ್ಮ ಬೆನ್ನಿಗೆ ಆಸರೆ ಸಿಕ್ಕಿತು.

ಮೌಸಿನದೂ ಹೀಗೇ. ನನ್ನ ಮೇಜಿನ ಮೇಲೆ ಕೀಬೋರ್ಡಿನ ಬಲಕ್ಕೆ ಸಾವ್ಕಾರರು ಒಂದು ಗಣಪತಿ ಕೂಡಿಸಿದ್ದರು. ಗಣಪತಿಯನ್ನು ಸರಿಸುವ ಧೈರ್ಯ ಯಾರಿಗಿದೆ? ಮೌಸು ಗಣಪತಿಯ ಆಚೆ ಇರುತ್ತಿತ್ತು. ನಾನು ದಿನವಿಡೀ ದೇವರನ್ನು ಬಳಸಿಕೊಂಡು ಕೈ ಚಾಚಿ ಕೆಲಸ ಮಾಡುತ್ತಿದ್ದೆ. ಅಕ್ಕೋರು ಗೋಡೆಗೆ ಎತ್ತರದಲ್ಲಿ ಒಂದು ಹಲಗೆ ಬಡಿಸಿ, "ಗಣಪ್ಪಗ ಬಡತಿ ಆಗೇದ," ಎಂದು ಮೂರ್ತಿಯನ್ನು ಅಲ್ಲಿಗೆ ಏರಿಸಿದರು. ಮೌಸು ನನ್ನ ಕೈಯಳತೆಗೆ ಬಂತು.

ಇಷ್ಟೆಲ್ಲ ಓದಿ ಅವರು ಬಹಳ ಶಾಂತ ಸ್ವಭಾವದವರೆಂದು ತಿಳಿಯಬೇಡಿ. ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲಿ. ಎಲ್ಲ ನೋವಿಗೂ ಔಡಲ ಎಣ್ಣೆಯೇ ಮದ್ದು ಎಂದು ನಂಬಿದ್ದರು. ನನ್ನ ಹಲ್ಲುನೋವಿಗೂ ಅದನ್ನೇ ಹೇಳಿದ್ದರು. ಒಮ್ಮೆ ಕಿತ್ತೂರಿಗೆ ಬ್ಯಾನರು ಮುಟ್ಟಿಸಲು ಅವರ ಜೊತೆ ಹೋಗಿದ್ದೆ. ಬಸ್ಸು ಹತ್ತುತ್ತಲೇ ಡ್ರೈವರನ ಹತ್ತಿರ ಹೋಗಿ, "ಸೀಟು ಮುಂದ ತಗೋರಿ, ಬೆನ್ನು ಬಾಗೇದ," ಎಂದರು. "ಅಕ್ಕಾರ, ಗಾಡಿ ನಾ ಹೊಡೀತೇನ್ರಿ, ನೀವು ಕುಂದರ್ರಿ," ಎಂದ ಅವನು. ಹೆದ್ದಾರಿ ಸೇರುವ ಮುನ್ನ ಅವನು ಮೆಲ್ಲಗೆ ಸೀಟು ಎಳೆದುಕೊಂಡದ್ದನ್ನು ನಾನು ನೋಡಿದೆ. ಅಕ್ಕೋರು ನೋಡಲಿಲ್ಲ, ಯಾಕೆಂದರೆ ಅವರು ಮೊಬೈಲಿನಲ್ಲಿ ಧಾರಾವಾಹಿ ಹಚ್ಚಿಕೊಂಡು ಗದ್ದ ಎದೆಗೆ ಹಚ್ಚಿ ಕೂತಿದ್ದರು. "ಅಕ್ಕೋರ, ಕುತ್ತಿಗಿ," ಎಂದೆ. "ಇದು ಕೆಲಸಲ್ಲ, ಮನರಂಜನಿ. ಇದರಿಂದ ಏನೂ ಆಗಂಗಿಲ್ಲ," ಎಂದರು. ಎರಡು ದಿನ ಕುತ್ತಿಗೆಗೆ ಔಡಲ ಎಣ್ಣೆ ಹಚ್ಚಿಕೊಂಡು ಬಂದರು.

ಇನ್ನು ನನ್ನ ಕತೆಗೆ ಬರುತ್ತೇನೆ, ಯಾಕೆಂದರೆ ಅಕ್ಕೋರನ್ನು ನಾನು ನಿಜವಾಗಿ ಕಂಡದ್ದು ಅಲ್ಲಿಯೇ.

ನನ್ನನ್ನು ಕೊಟ್ಟಿರುವುದು ಚಚಡಿಗೆ, ಒಕ್ಕಲುತನದ ಮನೆ. ಆ ಮನೆಯಿಂದ ನೌಕರಿಗೆ ಹೊರಟ ಮೊದಲ ಸೊಸೆ ನಾನು. ಬೆಳಿಗ್ಗೆ ರೊಟ್ಟಿ ಬಡಿದಿಟ್ಟು ಬಸ್ಸು ಹತ್ತುತ್ತಿದ್ದೆ. ನಾನು ಅಕ್ಷರ ಜೋಡಿಸಿದ ಬ್ಯಾನರು ಯರಗಟ್ಟಿ ಕ್ರಾಸಿನಲ್ಲಿ ಗಾಳಿಗೆ ಪಟಪಟ ಅನ್ನುವುದನ್ನು ಬಸ್ಸಿನ ಕಿಟಕಿಯಿಂದ ಕಂಡರೆ, ಪಕ್ಕದವರನ್ನು ಹಿಡಿದು ಹೇಳಬೇಕು ಅನ್ನಿಸುತ್ತಿತ್ತು. ಆ ಕೆಲಸ ನನಗೆ ಅಷ್ಟು ಪ್ರೀತಿಯದು.

ಸೇರಿದ ಹೊಸತರಲ್ಲಿ ಅಕ್ಕೋರ ಮಾತನ್ನು ನಾನೂ ಎಲ್ಲರಂತೆ ನಕ್ಕು ಬಿಟ್ಟಿದ್ದೆ. ಲಗ್ನದ ಸೀಸನ್ನು ಬಂತು. ತಂಗಿಯ ಮನೆಯಲ್ಲಿ ಬಾಣಂತನ ಎಂದು ಅಕ್ಕೋರು ರಜೆ ಹಾಕಿ ರಾಮದುರ್ಗಕ್ಕೆ ಹೋದರು. ಗಂಟೆ ಬಾರಿಸುವವರಿಲ್ಲ. ನಾನು ಎದ್ದೇಳದೆ ಪತ್ರಿಕೆ ಮೇಲೆ ಪತ್ರಿಕೆ ಬಡಿದೆ. ನಮ್ಮ ಮೇಜು ಸಾವ್ಕಾರರ ಅಜ್ಜನ ಕಾಲದ್ದು, ಎತ್ತರ ಬಹಳ. ಭುಜ ಎತ್ತಿ, ಮಣಿಕಟ್ಟನ್ನು ಮೇಜಿನ ಚೂಪು ಅಂಚಿಗೆ ಊರಿ ಟೈಪ್ ಮಾಡುತ್ತಿದ್ದೆ. ಮೊದಲು ಬೆರಳು ಜುಮುಜುಮು ಅಂದವು. ಆಮೇಲೆ ಬೆಳಿಗ್ಗೆ ಏಳುವಾಗ ಬಲಗೈ ನನ್ನದೇ ಅಲ್ಲವೇನೋ ಅನ್ನಿಸತೊಡಗಿತು. ಒಂದು ದಿನ ಚಹಾದ ಕಪ್ಪು ಕೈಯಿಂದ ಜಾರಿ ಬಿತ್ತು. ಇನ್ನೊಂದು ದಿನ ರೊಟ್ಟಿ ಬಡಿಯಲು ಕೂತರೆ ಬಲಗೈ ಏಳಲೇ ಇಲ್ಲ.

ಡಾಕ್ಟರರು ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ ಎಂದರು, ಕೈಗೆ ಕಟ್ಟಿಕೊಳ್ಳಲು ಪಟ್ಟಿ ಕೊಟ್ಟರು, ಸ್ವಲ್ಪ ದಿನ ವಿಶ್ರಾಂತಿ ಹೇಳಿದರು. ಕೊನೆಗೆ, "ಒಂದೋ ಕೆಲಸ ಬದಲು ಮಾಡ್ರಿ, ಇಲ್ಲಂದ್ರ ಕೆಲಸಾ ಮಾಡೂ ರೀತಿ ಬದಲು ಮಾಡ್ರಿ," ಎಂದರು. ಜೊತೆಗೆ ಬಂದಿದ್ದ ನಮ್ಮತ್ತೆಗೆ ಮೊದಲಿನ ಅರ್ಧ ಮಾತ್ರ ಕೇಳಿಸಿತು.

"ಕೈ ಇದ್ರ ನೌಕರಿ, ನೌಕರಿ ಇದ್ರ ಕೈ ಅಲ್ಲ," ಎಂದರು ಅತ್ತೆ. "ಯುಗಾದಿ ಮಟಾ ನೋಡತೇನಿ. ಕೈ ನೆಟ್ಟಗಾಗಲಿಲ್ಲಂದ್ರ ಕಂಪ್ಯೂಟರ್ ಸಾಕು, ಮನ್ಯಾಗ ಇರು." ಅವರು ಕೆಟ್ಟವರಲ್ಲ. ಅವರ ಕಣ್ಣಲ್ಲಿ ನೀರಿತ್ತು.

ರಜೆ ಕೇಳಲು ಅಂಗಡಿಗೆ ಹೋದ ದಿನವೇ ಅಕ್ಕೋರು ರಾಮದುರ್ಗದಿಂದ ಮರಳಿದ್ದರು. ನನ್ನ ಕೈಯ ಪಟ್ಟಿ ನೋಡಿ ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ತಮ್ಮ ಬಲಗೈ ಹೆಬ್ಬೆರಳು ತೋರಿಸಿದರು. ಬುಡದಲ್ಲಿ ಮಾಂಸ ಕರಗಿ ಗುಳಿ ಬಿದ್ದಿತ್ತು. ಕ್ಲಾಸಿಗೆ ಹೊಸದಾಗಿ ಕಂಪ್ಯೂಟರು ತಂದಾಗ, ನೋವನ್ನು ಲೆಕ್ಕಿಸದೆ ವರ್ಷಗಟ್ಟಲೆ ಬಡಿದದ್ದರ ಫಲವಂತೆ. "ಆವಾಗಿಂದ ನಾ ರಂಗೋಲಿ ಎಳಿ ಎಳದಿಲ್ಲ. ಪುಡಿ ಹಿಡಿಲಿಕ್ಕೆ ಬರಂಗಿಲ್ಲ. ಹೂಲ್ಯಾಗ ನಮ್ಮ ಅಂಗಳದ ರಂಗೋಲಿ ನೋಡ್ಲಿಕ್ಕೆ ಓಣಿ ಮಂದಿ ಬರತಿದ್ರು," ಎಂದರು. ಗಂಟೆ ಯಾಕೆ, ವ್ಯಾಸಪೀಠ ಯಾಕೆ ಎಂದು ನನಗೆ ಅವತ್ತು ತಿಳಿಯಿತು. ಅವರ ಮೇಲೆ ಬಹಳ ಪ್ರೀತಿ ಬಂತು.

ಡಾಕ್ಟರರು ಹೇಳಿದಷ್ಟು ದಿನ ಮನೆಯಲ್ಲಿ ಕೂತು ಮರಳಿದ ಮೇಲೆ ಅವರು ನನ್ನನ್ನು ಮೊದಲಿಂದ ಕೂಡಿಸಿದರು. ಮೇಜಿನ ಕಾಲು ಕೊಯ್ಯಲು ಸಾವ್ಕಾರರು ಒಪ್ಪಲಿಲ್ಲ, ಅಜ್ಜನ ನೆನಪು. ಮೇಜು ಇಳಿಯದಿದ್ದರೆ ನಾನು ಏರಬೇಕು. ಕುರ್ಚಿ ಎತ್ತರಿಸಿದರು. ಮೊಣಕೈ ಮೇಜಿನ ಮಟ್ಟಕ್ಕೆ ಬಂತು, ಭುಜ ತಾನೇ ಇಳಿಯಿತು. "ರೊಟ್ಟಿ ಬಡಿಯೂವಾಗ ಮಣಿಕಟ್ಟು ಪರಾತದ ಅಂಚಿಗೆ ಊರತೀ ಏನು? ಇಲ್ಲೂ ಹಂಗ. ಕೈ ತೇಲಬೇಕು. ಗುದ್ದಬ್ಯಾಡ, ಕೀಲಿಗಳು ನಿನ್ನ ಮಾತು ಹಗರಕ ಒತ್ತಿದರೂ ಕೇಳತಾವ," ಎಂದರು. ಪರದೆಯ ಕೆಳಗೆ ಹಳೆಯ ಪಂಚಾಂಗಗಳ ಕಟ್ಟು ಇಟ್ಟು ಅದರ ಮೇಲಂಚನ್ನು ನನ್ನ ಕಣ್ಣಿನ ಮಟ್ಟಕ್ಕೆ ತಂದರು. ಎಲ್ಲ ಸರಿಹೋಯಿತು, ಕಾಲು ಮಾತ್ರ ನೆಲ ಬಿಟ್ಟು ಗಾಳಿಯಲ್ಲಿ ತೂಗಾಡತೊಡಗಿದವು.

"ಕಾಲಿಗೆ ಅಗಲ ಆಸರಾ ಬೇಕು. ಮನಿಂದ ಒಂದು ಮಣಿ ತಗೊಂಡ ಬಾ," ಎಂದರು.

ಮಣೆ ಎಂದರೆ ನಮ್ಮಲ್ಲಿ ಊಟಕ್ಕೆ ಕೂಡುವ, ಪೂಜೆಗೆ ಕೂಡುವ, ಮದುಮಕ್ಕಳನ್ನು ಕೂಡಿಸುವ ಹಲಗೆ. ಅದನ್ನು ಗೊತ್ತಿಲ್ಲದೆ ತುಳಿದರೂ ಮುಟ್ಟಿ ನಮಸ್ಕರಿಸುತ್ತೇವೆ. ನನ್ನ ಗಂಡ ಅಟ್ಟದಲ್ಲಿ ಧೂಳು ತಿನ್ನುತ್ತಿದ್ದ ಒಂದನ್ನು ಇಳಿಸಿ, ಚೀಲಕ್ಕೆ ಹಾಕಿ, ಯಾರಿಗೂ ಹೇಳದೆ ಕೊಟ್ಟರು. ಅಂಗಡಿಗೆ ತಂದು ಮೇಜಿನ ಕೆಳಗಿಟ್ಟೆ. ಕಾಲು ಮಾತ್ರ ಇಡಲಾಗಲಿಲ್ಲ. ಮಣೆಯ ಎಡಕ್ಕೊಂದು ಬಲಕ್ಕೊಂದು ಕಾಲು ಇಳಿಬಿಟ್ಟು ಕೂತೆ. ಅಕ್ಕೋರು ಬಗ್ಗಿ ನೋಡಿ ಗದರಿದರು. ಆಗ ನಾನೂ ಬಗ್ಗಿ ಅವರ ಮೇಜಿನ ಕೆಳಗೆ ನೋಡಿದೆ. ಅವರ ಕಾಲ ಕೆಳಗೆ ಪೇಪರಿನಲ್ಲಿ ಸುತ್ತಿದ ಇಟ್ಟಂಗಿಗಳು.

"ನಿಮ್ಮದ್ಯಾಕ್ರೀ ಇಟ್ಟಂಗಿ?" ಎಂದೆ.

"ನಮ್ಮಪ್ಪ ಮಣೀ ಮ್ಯಾಲೆ ಕೂತು ಪುರಾಣ ಓದಾಂವ. ನನ್ನ ಕಾಲು ಏಳಂಗಿಲ್ಲವಾ," ಎಂದರು, ಸ್ವಲ್ಪವೂ ಸಂಕೋಚವಿಲ್ಲದೆ. "ನಿನ್ನವಾದರೂ ಏಳಲಿ." ಇಬ್ಬರೂ ನಕ್ಕು ನಕ್ಕು ಕಣ್ಣು ಒರೆಸಿಕೊಂಡೆವು. ನಗುತ್ತಲೇ ನಾನು ಕಾಲಿಟ್ಟೆ.

ಯುಗಾದಿ ಹತ್ತಿರ ಬಂತು. ಕೈ ಮೊದಲಿಗಿಂತ ಹಗುರಾಗಿತ್ತು, ಪೂರ್ತಿ ನೆಟ್ಟಗಾಗಿರಲಿಲ್ಲ. ಸಂತೆಯ ದಿನ ಅತ್ತೆ ಹೇಳದೆ ಕೇಳದೆ ಅಂಗಡಿಗೆ ಬಂದರು. ಸಾವ್ಕಾರರಿಗೆ ಇನ್ನು ಸೊಸೆ ಬರುವುದಿಲ್ಲ ಎಂದು ಹೇಳಿಯೇ ಹೋಗುವುದೆಂದು ಬಂದಿದ್ದರು. ಬಾಗಿಲಲ್ಲಿ ನಿಂತವರ ಕಣ್ಣು ನೇರ ಮೇಜಿನ ಕೆಳಗೆ ಹೋಯಿತು. ನನ್ನ ಎರಡೂ ಪಾದಗಳು ಮಣೆಯ ಮೇಲಿದ್ದವು.

"ಅದು ನನ್ನ ಲಗ್ನದ ಮಣಿ," ಎಂದರು ಅತ್ತೆ. ದನಿ ಏರಿಸಲಿಲ್ಲ.

ಮಣೆಯ ಮೂಲೆಗೆ ಬಡಿದಿದ್ದ ಹಿತ್ತಾಳೆಯ ಹೂ ನನಗೆ ಅಲ್ಲಿಯವರೆಗೆ ಏನೂ ಹೇಳಿರಲಿಲ್ಲ. ಕಾಲು ಎಳೆದುಕೊಂಡು ಎದ್ದು ನಿಂತೆ. ನೌಕರಿ ಮುಗಿಯಿತು ಎಂದುಕೊಂಡೆ. ಅಕ್ಕೋರ ಕಡೆ ನೋಡಿದೆ. ಬಸ್ ಡ್ರೈವರನಿಗೂ ಬುದ್ಧಿ ಹೇಳಿದ ಅವರು ನನ್ನ ಕುರ್ಚಿ ಎಳೆದು, "ಬಿಸಲಾಗ ಬಂದೀರಿ ಅವ್ವಾರ, ಕುಂದರ್ರಿ," ಎಂದಷ್ಟೇ ಅಂದರು.

ಅತ್ತೆ ಕೂತರು. ಅವರು ನನಗಿಂತ ಗಿಡ್ಡ. ಕಾಲು ತೂಗಾಡಿದವು. ಎದುರಿನ ಪರದೆ ನೋಡುತ್ತ, ಕೋಪದಲ್ಲೂ ಕುತೂಹಲ ತಡೆಯಲಾರದೆ, "ಇದರಾಗ ನನ್ನ ಹೆಸರ ಬರತೈತೇನು?" ಎಂದು ನನ್ನನ್ನು ಕೇಳಿದರು. ಅಕ್ಕೋರು ಅವರ ಬೆರಳು ಹಿಡಿದು ಒಂದೊಂದೇ ಕೀಲಿ ತೋರಿಸಿದರು. ಸಣ್ಣಂದಿನಲ್ಲಿ ಶಾಲೆಯಲ್ಲಿ ಕಲಿತದ್ದನ್ನು ನೆನಪಿಸಿಕೊಂಡು, ಹುಡುಕಿ ಹುಡುಕಿ ಒತ್ತಿದರು ಅತ್ತೆ. ತಮ್ಮ ಹೆಸರಿನ ಮೊದಲಕ್ಷರ ಪರದೆಯ ಮೇಲೆ ದೊಡ್ಡದಾಗಿ ಮೂಡಿದಾಗ ಅವರ ಮುಖ ಅರಳಿದ್ದನ್ನು ನಾನು ಮರೆಯಲಾರೆ. ಇನ್ನೊಂದಕ್ಷರಕ್ಕೆ ಹುಡುಕುತ್ತ ಕೂತರು. ಹೆಸರು ಮುಗಿಯುವ ಮೊದಲೇ, "ತೊಡಿ ಜೋಮ ಹಿಡೀತವಾ. ಕಾಲಿಗಿ ಏನೂ ಆಸರನ ಇಲ್ಲ," ಎಂದರು.

ಅತ್ತೆ ತಾವೇ ಕೆಳಗೆ ಮಣೆಯನ್ನು ನೋಡಿದರು. ಕುರ್ಚಿಯಿಂದ ಇಳಿದರು. ಬಗ್ಗಿ ಮಣೆಯನ್ನು ಬಲಗೈಯಿಂದ ಮುಟ್ಟಿ, ಆ ಕೈಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. ಮತ್ತೆ ಕುರ್ಚಿ ಏರಿ, ಎರಡೂ ಪಾದ ಅದರ ಮೇಲಿಟ್ಟರು.

"ಭಾರ ಹೊರಾಕಂತನ ಮಾಡಿದ್ದದು," ಎಂದರು. "ಅವತ್ತ ನನ್ನ ಹೊತ್ತಿತ್ತು. ಇವತ್ತ ಇಕೀ ಕಾಲು ಹೊರಲಿ. ದಿನಾ ಕಣ್ಣಿಗೊತ್ತಿಕೊಂಡು ಇಡಬೇಕು ಮತ್ತ."

ಅಕ್ಕೋರು ಮುಖ ತಿರುಗಿಸಿ ತುರುಬಿನ ಪೆನ್ನು ಹುಡುಕತೊಡಗಿದರು.

ಅತ್ತೆ ಹೆಸರು ಮುಗಿಸಿದರು, ನಾನು ಪ್ರಿಂಟ್ ತೆಗೆದು ಕೊಟ್ಟೆ. ಸಾವ್ಕಾರರಿಗೆ ಏನೂ ಹೇಳದೆ, ಆ ಹಾಳೆ ಮಡಿಚಿ ಕುಬಸದಲ್ಲಿಟ್ಟುಕೊಂಡು ಸಂತೆಗೆ ಹೋದರು. ಯುಗಾದಿಯ ಮರುದಿನ ನಾನು ಪರಾತ ಎಳೆದುಕೊಂಡು ರೊಟ್ಟಿಗೆ ಕೂತೆ. ಅಂಗಳದಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದ ಅತ್ತೆ ಒಳಗೆ ಬರಲಿಲ್ಲ, ನಿಂತು ಸಪ್ಪಳ ಕೇಳಿದರು. ಒಂದೇ ಕೈ ಬಡಿದರೆ ಬರುವ ಸಪ್ಪಳ ಬೇರೆ, ಎರಡೂ ಕೈ ಬಡಿದರೆ ಬೇರೆ. "ಹೂಂ," ಎಂದು ಮೇವಿನ ಕಡೆ ತಿರುಗಿದರು. ನನ್ನ ನೌಕರಿಯ ಮಾತು ಅಲ್ಲಿಗೆ ಮುಗಿಯಿತು.

ಇದೆಲ್ಲ ಆಗಿ ವರ್ಷಗಳಾದವು. ಈಗ ಅಕ್ಕೋರಿಗೆ ವಯಸ್ಸಾಯಿತು, ರಾಮದುರ್ಗದಲ್ಲಿ ತಂಗಿಯ ಜೊತೆ ಇರುತ್ತೇನೆಂದು ಹೊರಟರು. ವ್ಯಾಸಪೀಠವನ್ನು ಸೀರೆಯಲ್ಲಿ ಸುತ್ತಿ ಚೀಲಕ್ಕಿಟ್ಟುಕೊಂಡರು. ಇಟ್ಟಂಗಿಗಳನ್ನೂ ಇಟ್ಟುಕೊಂಡರು. "ರಾಮದುರ್ಗದಾಗ ಇಟ್ಟಂಗಿ ಸಿಗಂಗಿಲ್ಲೇನ್ರೀ?" ಎಂದು ಸಾವ್ಕಾರರು ಕೇಳಿದರೆ, "ಸಿಗತಾವ. ನನ್ನ ಕಾಲಿಗೆ ಹೊಂದಿದ್ದು ಸಿಗಂಗಿಲ್ಲ," ಎಂದರು. ಗಂಟೆಯನ್ನು ಮಾತ್ರ ನನ್ನ ಮೇಜಿನ ಮೇಲೆ ಬಿಟ್ಟರು.

ಅವರ ಕುರ್ಚಿ ಖಾಲಿಯಾದ ಮೇಲೆ ಅಂಗಡಿಯ ಹಿರಿಯ ಟೈಪಿಸ್ಟ್ ನಾನೇ. ಗಂಟೆ ಬಾರಿಸಲು ನನಗೆ ನಾಚಿಕೆ. ಮೊನ್ನೆ ಸಂತೆಯ ದಿನ ಅವಸರದ ಕೆಲಸವೊಂದು ಬಂದು, ಊಟದ ಹೊತ್ತು ದಾಟಿದ್ದೂ ತಿಳಿಯದೆ ಬಡಿಯುತ್ತಿದ್ದೆ. ಕೌಂಟರಿನಲ್ಲಿ ಹೊಸ ಗಿರಾಕಿಯೊಬ್ಬ ಕಾಯುತ್ತ ನಿಂತಿದ್ದ. ಬಸ್ಸಿಗೆ ಹೊತ್ತಿದೆ ಎಂದು ಅತ್ತೆ ಸಂತೆಯ ಚೀಲ ಇಟ್ಟುಕೊಂಡು ನನ್ನ ಹಿಂದೆ ಕೂತಿದ್ದರು.

"ಭುಜಾ ಇಳಸ," ಎಂದಿತು ಹಿಂದಿನಿಂದ ದನಿ.

ಅಕ್ಕೋರೇ ಮರಳಿದರೇನೋ ಎಂದು ತಿರುಗಿದೆ. ಅತ್ತೆ ಎದ್ದು ಬಂದು, ಮೇಜಿನ ಮೇಲಿನ ಗಂಟೆ ಎತ್ತಿಕೊಂಡು ಜೋರಾಗಿ ಬಾರಿಸಿದರು. ಕೌಂಟರಿನವನು ಚಪ್ಪಲಿ ಕಳಚಿ ಕೈ ಮುಗಿದ. ನಾನು ಎದ್ದು, ಬೇವಿನ ಮರ ನೋಡಲು ಬಾಗಿಲಿಗೆ ಹೋದೆ.